ಅಮ್ಮನ ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟಿದೆ?

ತುಂಗೆಯ ದಡದವಳು, ತೀರ್ಥಹಳ್ಳಿ

ಅಮ್ಮನಿಗೆ ಅರವತ್ತೆಂಟು. ಸಕ್ಕರೆ ಕಾಯಿಲೆ ಹಿಡಿದು ಆರು ವರ್ಷ, ರಕ್ತದೊತ್ತಡ ಅದಕ್ಕೂ ಹಳೆಯದು. ಕಾಫಿಗೆ ಸಕ್ಕರೆ ಬಿಟ್ಟಾಗಿದೆ. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬಡಿಸುವವರು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ. ಇಷ್ಟಾದರೂ ಮೂರು ತಿಂಗಳಿಗೊಮ್ಮೆ ಮಾಡಿಸುವ ರಕ್ತಪರೀಕ್ಷೆಯ ಅಂಕಿ ಇಳಿಯುತ್ತಿಲ್ಲ. ಡಾಕ್ಟರು ನನ್ನ ಮುಖ ನೋಡುತ್ತಾರೆ, ನಾನು ಅಮ್ಮನ ಮುಖ ನೋಡುತ್ತೇನೆ, ಅಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ.

ಕಳೆದ ಶನಿವಾರ ಮಳೆಗೆ ಕರೆಂಟ್ ಹೋಗಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಅಮ್ಮನ ಬಿಸ್ಕತ್ತಿನ ಪೊಟ್ಟಣವನ್ನು ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ತಿರುಗಿಸಿ ನೋಡಿದೆ. ಎರಡು ವರ್ಷದಿಂದ ನಾನೇ ತಂದುಕೊಡುತ್ತಿರುವ ರಾಗಿ ಬಿಸ್ಕತ್ತು. ಮುಂಭಾಗದಲ್ಲಿ ಅಂಗೈಯಗಲದ ರಾಗಿ ತೆನೆ, ಮಣ್ಣಿನ ಬಣ್ಣ, ನಾರಿನಂಶದ ಗುಣಗಾನ. ಹಿಂಭಾಗದಲ್ಲಿ, ಅಂಟು ಹಾಕಿದ ಮಡಿಕೆಯ ಕೆಳಗೆ ಅರ್ಧ ಹೂತುಹೋಗಿ, ರಾಗಿ ಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಪದಾರ್ಥಗಳ ಪಟ್ಟಿ. ಮೈದಾ ಶೇ 52, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ, ಅದಾದ ಮೇಲೆ ರಾಗಿ ಹಿಟ್ಟು ಶೇ 11. ಪಕ್ಕದ ಕೋಷ್ಟಕದಲ್ಲಿ 100 ಗ್ರಾಂಗೆ ಒಟ್ಟು ಸಕ್ಕರೆ 24 ಗ್ರಾಂ ಎಂದಿದೆ.

ಅಮ್ಮ ಬೆಳಿಗ್ಗೆ ಮೂರು, ಸಂಜೆ ಮೂರು ತಿನ್ನುತ್ತಾರೆ. ಕಾಫಿಯಿಂದ ತೆಗೆದ ಸಕ್ಕರೆಯನ್ನು ನಾನೇ ದುಡ್ಡು ಕೊಟ್ಟು ಬಿಸ್ಕತ್ತಿನಲ್ಲಿ ವಾಪಸು ತಂದಿದ್ದೇನೆ.

ನೂರಕ್ಕೆ ಹನ್ನೊಂದು ಪಾಲು ರಾಗಿ ಇಟ್ಟುಕೊಂಡು ಅದನ್ನು ರಾಗಿ ಬಿಸ್ಕತ್ತು ಎಂದು ಮಾರಬಹುದೇ? ಕಾನೂನು ಬಲ್ಲವರು ಹೇಳಿ. ಅಮ್ಮ ಕೇಳಿದ್ದು ಬೇರೆಯೇ ಪ್ರಶ್ನೆ: "ನಾನು ನಾಲ್ಕನೆಯ ಕ್ಲಾಸು ಪಾಸಾದವಳು. ಇದನ್ನು ಕನ್ನಡದಲ್ಲಿ ಬರೆದಿದ್ದರೆ ನಾನೇ ಓದಿಕೊಳ್ಳುತ್ತಿದ್ದೆನಲ್ಲ, ನೀನು ಬಂದು ಟಾರ್ಚು ಹಿಡಿಯುವವರೆಗೆ ಯಾಕೆ ಕಾಯಬೇಕಿತ್ತು?"

ಕಿರಾಣಿ ಅಂಗಡಿಯವ, ರಿಪ್ಪನ್‌ಪೇಟೆ

ಅಕ್ಕಾ, ಇಪ್ಪತ್ತೆರಡು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಪೊಟ್ಟಣದ ಬೆನ್ನು ನೋಡಿ ಸಾಮಾನು ಕೊಂಡವರನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಬಹುದು. ಅವರಲ್ಲೂ ಹೆಚ್ಚಿನವರು ನೋಡುವುದು ತಾರೀಖು, ಉಳಿದವರು ಬೆಲೆ. ಮಳೆಗಾಲದಲ್ಲಿ ನಮ್ಮ ಕಡೆ ತಾರೀಖಿನ ಶಾಯಿಯೂ ನಿಲ್ಲುವುದಿಲ್ಲ. ಥಂಡಿಗೆ ಪೊಟ್ಟಣ ಬೆವರುತ್ತದೆ, ಹೆಬ್ಬೆರಳು ತಾಗಿದರೆ ವರ್ಷವೇ ಅಳಿಸಿಹೋಗುತ್ತದೆ. ಅಂಥದ್ದನ್ನು ವಿತರಕರಿಗೆ ವಾಪಸು ಕೊಡಲು ಹೋದರೆ ತಾರೀಖೇ ಕಾಣುವುದಿಲ್ಲ ಎಂದು ಅವರು ತೆಗೆದುಕೊಳ್ಳುವುದಿಲ್ಲ. ನಷ್ಟ ನನ್ನ ತಲೆಗೆ.

ಅಂಗಡಿಯವನನ್ನು ಬೈಯುವ ಮುಂಚೆ ಇದೂ ಗೊತ್ತಿರಲಿ ಎಂದು ಬರೆದೆ.

ಆಹಾರತಜ್ಞೆ, ಶಿವಮೊಗ್ಗ

ಮೊದಲು ತೀರ್ಥಹಳ್ಳಿಯವರ ಲೆಕ್ಕ ಪೂರ್ತಿ ಮಾಡೋಣ. ಒಂದು ಬಿಸ್ಕತ್ತು 8 ಗ್ರಾಂ ಎಂದಿಟ್ಟುಕೊಂಡರೆ ಆರಕ್ಕೆ 48 ಗ್ರಾಂ. ಅದರಲ್ಲಿ ಸಕ್ಕರೆ ಹನ್ನೊಂದೂವರೆ ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ. ದಿನಕ್ಕೆ 2000 ಕಿಲೋಕ್ಯಾಲೊರಿ ತಿನ್ನುವ ಆರೋಗ್ಯವಂತರಿಗೇ ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆಯನ್ನು ಸುಮಾರು 25 ಗ್ರಾಂಗೆ ಇಳಿಸಿದರೆ ಒಳ್ಳೆಯದು ಎನ್ನುತ್ತದೆ. ನಿಮ್ಮ ಅಮ್ಮನಿಗೆ ಆ ಲೆಕ್ಕವೂ ಅನ್ವಯಿಸುವುದಿಲ್ಲ.

ಆದರೆ ಸಕ್ಕರೆಯ ಸಾಲೊಂದನ್ನೇ ನೋಡಿ ಬೆಚ್ಚಬೇಡಿ. ಅದು ಅರ್ಧ ಕಥೆ. ಅರ್ಧಕ್ಕಿಂತ ಹೆಚ್ಚು ಇರುವ ಮೈದಾ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸೇ ಆಗುತ್ತದೆ. ಮಧುಮೇಹದವರು ಒಟ್ಟು ಕಾರ್ಬೋಹೈಡ್ರೇಟ್ ಎಂಬ ಸಾಲನ್ನು ಮೊದಲು ನೋಡಬೇಕು, ಸಕ್ಕರೆಯ ಸಾಲು ಅದರ ಒಳಗಿನ ಒಂದು ಪಾಲು ಮಾತ್ರ. "ಸಕ್ಕರೆ ಇಲ್ಲ" ಎಂದು ಬರೆದ ಬಿಸ್ಕತ್ತನ್ನು ಒಂದೇ ಕೂರಿಕೆಯಲ್ಲಿ ಅರ್ಧ ಪೊಟ್ಟಣ ಮುಗಿಸಿ ಆಸ್ಪತ್ರೆಗೆ ಬರುವವರನ್ನು ನಾನು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇನೆ.

ಪದಾರ್ಥಗಳ ಪಟ್ಟಿ ಇಳಿಕೆಯ ಕ್ರಮದಲ್ಲಿರಬೇಕು ಎನ್ನುವುದು ನಿಯಮ. ಹೆಚ್ಚು ತೂಕದ್ದು ಮೊದಲು, ಕಡಿಮೆಯದು ಕೊನೆಗೆ. ಈ ಕ್ರಮಕ್ಕೊಂದು ಕಳ್ಳದಾರಿ ಇದೆ. ಸಕ್ಕರೆಯನ್ನು ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್ ಎಂದು ನಾಲ್ಕು ಪಾಲು ಮಾಡಿದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗೆ ಜಾರುತ್ತದೆ. ಒಂದೇ ಮನೆಯ ನಾಲ್ವರು ಬೇರೆ ಬೇರೆ ಪಡಿತರ ಚೀಟಿ ಮಾಡಿಸಿಕೊಂಡ ಹಾಗೆ.

ರಾಗಿಯ ಶೇಕಡಾವಾರು ನಿಮಗೆ ಕಾಣಿಸಿದ್ದು ಕಂಪನಿಯ ಔದಾರ್ಯದಿಂದಲ್ಲ. ಹೆಸರಿನಲ್ಲೋ ಚಿತ್ರದಲ್ಲೋ ಒಂದು ಪದಾರ್ಥವನ್ನು ಎತ್ತಿ ತೋರಿಸಿದರೆ ಅದು ಎಷ್ಟಿದೆ ಎಂದು ಮುದ್ರಿಸಬೇಕು ಎಂದು 2020ರ ಲೇಬಲ್ ನಿಯಮಗಳು ಹೇಳುತ್ತವೆ. ತೆನೆ ಮುಂದೆ ಬಂತು, ಹನ್ನೊಂದು ಹಿಂದೆ ಹೋಯಿತು. ನಿಯಮ ಪಾಲನೆಯೂ ಆಯಿತು, ನೀವು ಮೋಸವೂ ಹೋದಿರಿ.

ಅಡಿಕೆ ತೋಟದವ, ಹೊಸನಗರ

ನಮ್ಮ ಅಜ್ಜಿ ಲೇಬಲ್ ಓದಿ ಹಲಸಿನ ಹಪ್ಪಳ ತಿಂದವರಲ್ಲ, ತೊಂಬತ್ತೆರಡು ವರ್ಷ ಬದುಕಿದರು. ಪೊಟ್ಟಣ ಬಿಡಿ, ಸಮಸ್ಯೆಯೇ ಇಲ್ಲ. ಇಷ್ಟಕ್ಕೆ ಇಷ್ಟೊಂದು ಕಾನೂನು ಯಾಕೆ?

ಆಹಾರತಜ್ಞೆ, ಶಿವಮೊಗ್ಗ

ನಿಮ್ಮ ಅಜ್ಜಿ ಹಪ್ಪಳ ತಿಂದು ತೋಟದ ದಿಬ್ಬ ಹತ್ತಿ ಇಳಿದವರು ಸ್ವಾಮಿ. ನೀವು ಬೈಕಿನಲ್ಲಿ ಹೋಗುತ್ತೀರಿ.

ನಿವೃತ್ತ ಲೆಕ್ಕದ ಮೇಷ್ಟ್ರು, ಸಾಗರ

ಸೋಡಿಯಂ ಬಗ್ಗೆ ಯಾರೂ ಮಾತಾಡಲಿಲ್ಲ, ಆದ್ದರಿಂದ ನನ್ನದು. ಪೊಟ್ಟಣದ ಮೇಲೆ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದು ಮಿಲಿಗ್ರಾಂನಲ್ಲಿ ಬರೆದಿರುತ್ತದೆ. ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ಎಂದರೆ 5 ಗ್ರಾಂ ಉಪ್ಪು, ಒಂದು ಟೀ ಚಮಚದಷ್ಟು. ಲೇಬಲ್ಲಿನ ಶೇಕಡಾ ಲೆಕ್ಕವೂ ಇದೇ 2000ದ ಮೇಲೆ ನಿಂತಿದೆ.

ಮೊಮ್ಮಗ ಶಿವಮೊಗ್ಗದ ಹಾಸ್ಟೆಲಿನಲ್ಲಿ ರಾತ್ರಿ ಹತ್ತಕ್ಕೆ ತಿನ್ನುವ ನೂಡಲ್ಸ್ ಪೊಟ್ಟಣವನ್ನು ರಜೆಗೆ ಬರುವಾಗ ತಂದಿದ್ದ. 100 ಗ್ರಾಂಗೆ 900 ಮಿಲಿಗ್ರಾಂ ಸೋಡಿಯಂ. ಪೊಟ್ಟಣ 70 ಗ್ರಾಂನದು, ಹಾಗಾಗಿ 630. ಗುಣಿಸಿ: ಒಂದೂವರೆ ಗ್ರಾಂ ದಾಟಿದ ಉಪ್ಪು, ದಿನದ ಪಾಲಿನಲ್ಲಿ ಸುಮಾರು ಮೂರನೆಯ ಒಂದು ಭಾಗ, ಅದೂ ಊಟವಾದ ಮೇಲೆ. "ನಾನು ಎರಡು ಪೊಟ್ಟಣ ಹಾಕುತ್ತೇನೆ ಅಜ್ಜ" ಎಂದ.

ನಲವತ್ತು ವರ್ಷ ಶೇಕಡಾವಾರು ಲೆಕ್ಕ ಕಲಿಸಿದೆ. ಲಾಭ ನಷ್ಟ, ಸರಳ ಬಡ್ಡಿ, ತೊಟ್ಟಿಗೆ ನೀರು ತುಂಬುವ ನಲ್ಲಿಗಳು. ಒಂದು ದಿನವೂ ಬಿಸ್ಕತ್ತಿನ ಪೊಟ್ಟಣವನ್ನು ತರಗತಿಗೆ ಒಯ್ಯಲಿಲ್ಲ. ಒಯ್ಯಬೇಕಿತ್ತು.

ಇನ್ನೊಂದು ಆಟ ಗಮನಿಸಿ. 100 ಗ್ರಾಂನ ಸಾಲಿನ ಪಕ್ಕದಲ್ಲಿ "ಒಂದು ಸಲದ ಪ್ರಮಾಣ" ಎಂಬ ಸಾಲು ಇರುತ್ತದೆ. ಆ ಸಲ ಎಂದರೆ ಎಷ್ಟು ಎಂದು ನಿರ್ಧರಿಸುವವರು ತಯಾರಕರು. ಎರಡು ಬಿಸ್ಕತ್ತು ಎಂದು ಬರೆದಿರುತ್ತಾರೆ. ಮಲೆನಾಡಿನ ಮಳೆಯಲ್ಲಿ ಬಿಸಿ ಕಾಫಿಯ ಮುಂದೆ ಕೂತು ಎರಡೇ ಬಿಸ್ಕತ್ತಿಗೆ ಎದ್ದವರಿದ್ದರೆ ಅವರಿಗೆ ನನ್ನ ನಮಸ್ಕಾರ.

ಮಿಡಿ ಉಪ್ಪಿನಕಾಯಿಯವಳು, ಹೊಸನಗರ ತಾಲ್ಲೂಕು

ಮೇಷ್ಟ್ರೇ, ಸೋಡಿಯಂ ಎಂದಿರಲ್ಲ, ನನ್ನ ಗಾಯಕ್ಕೆ ಸರಿಯಾಗಿ ಉಪ್ಪು ಹಾಕಿದಿರಿ.

ನಾವು ಏಳು ಜನ ಹೆಂಗಸರ ಸ್ವಸಹಾಯ ಗುಂಪು. ಅಪ್ಪೆಮಿಡಿ ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸು, ಹಲಸಿನ ಹಪ್ಪಳ ಮಾಡುತ್ತೇವೆ. ಮೊದಲು ನೆಂಟರಿಷ್ಟರಿಗೆ, ಬೆಂಗಳೂರಿನಲ್ಲಿರುವ ಊರಿನವರಿಗೆ ಕೊಡುತ್ತಿದ್ದೆವು. ಅಂಗಡಿಗೆ ಇಡಬೇಕೆಂದಾಗ ಆಹಾರ ಸುರಕ್ಷತೆಯ ನೋಂದಣಿ ಬೇಕು ಎಂದರು. ಹದಿನಾಲ್ಕು ಅಂಕಿಯ ಸಂಖ್ಯೆ ಬಂತು. ಮೊದಲ ಅಂಕಿ 2 ಇದ್ದರೆ ಸಣ್ಣವರ ನೋಂದಣಿ, 1 ಇದ್ದರೆ ದೊಡ್ಡವರ ಪರವಾನಗಿ, ನಂತರದ 12 ನಮ್ಮ ರಾಜ್ಯದ ಗುರುತು ಎಂದು ಆಗ ತಿಳಿಯಿತು. ಈಗ ಯಾರ ಮನೆಗೆ ಹೋದರೂ ಡಬ್ಬಿ ತಿರುಗಿಸಿ ಆ ಸಂಖ್ಯೆ ನೋಡುವ ಚಟ ಅಂಟಿದೆ.

ಸಂಖ್ಯೆ ಸುಲಭವಾಗಿತ್ತು, ಕೋಷ್ಟಕ ಕಷ್ಟವಾಯಿತು. ಬಾಟಲಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಅಂಕಿಗಳನ್ನು ತರಿಸಿದೆವು. ಆ ವರ್ಷದ ಹಪ್ಪಳದ ಲಾಭದಲ್ಲಿ ಒಂದು ಪಾಲು ಅಲ್ಲಿಗೇ ಹೋಯಿತು. ಬಂದದ್ದು ಏನು? 100 ಗ್ರಾಂ ಉಪ್ಪಿನಕಾಯಿಗೆ 5000 ಮಿಲಿಗ್ರಾಂ ಸೋಡಿಯಂ! ಏಳೂ ಜನ ಆ ಕಾಗದವನ್ನು ಕೈಯಿಂದ ಕೈಗೆ ದಾಟಿಸಿದೆವು, ಯಾರಿಗೂ ಮಾತು ಹೊರಡಲಿಲ್ಲ. ಮಿಡಿಗೆ ಉಪ್ಪು ಕಟ್ಟಿ ವಾರಗಟ್ಟಲೆ ಇಟ್ಟು, ಅದು ಬಿಟ್ಟ ನೀರಿನಲ್ಲೇ ಅದು ಮುದುಡಿ, ಆಮೇಲೆ ಖಾರ ಅರೆದು ಬೆರೆಸುವುದು ನಮ್ಮ ಅಮ್ಮಂದಿರ ಕ್ರಮ. ಉಪ್ಪು ಕಡಿಮೆ ಮಾಡಿದರೆ ಆಷಾಢದಲ್ಲಿ ಬೂಸಲು ಬರುತ್ತದೆ. ಬೂಸಲು ಬಾರದಿರಲು ಸಂರಕ್ಷಕ ಹಾಕಿದರೆ ಪಟ್ಟಿಯಲ್ಲಿ 211 ಎಂಬ ಸಂಖ್ಯೆ ಬರೆಯಬೇಕು, ಸೋಡಿಯಂ ಬೆಂಜೋಯೇಟ್‌ನದು. ಅದನ್ನು ನೋಡಿದ ಗಿರಾಕಿ "ಇದರಲ್ಲಿ ಕೆಮಿಕಲ್ ಇದೆ" ಎಂದು ಬಾಟಲಿ ಕೆಳಗಿಡುತ್ತಾನೆ. ನಾವು ಉಪ್ಪನ್ನೇ ಆರಿಸಿಕೊಂಡೆವು.

ಈಗ ಮುಂಭಾಗದಲ್ಲಿ ಕಪ್ಪು ಎಚ್ಚರಿಕೆ ಗುರುತು ಬರಬೇಕು ಎಂದು ಚರ್ಚೆ ನಡೆಯುತ್ತಿದೆಯಂತೆ. ಬಂದರೆ ನಮ್ಮ ಮಿಡಿ ಉಪ್ಪಿನಕಾಯಿಗೂ ಬಣ್ಣದ ಪುಡಿ ಮೆತ್ತಿದ ಚಿಪ್ಸಿಗೂ ಒಂದೇ ಗುರುತೇ?

ಅಡಿಕೆ ತೋಟದವ, ಹೊಸನಗರ

ಇದನ್ನೇ ನಾನು ಹೇಳಿದ್ದು. ಉಪ್ಪಿನಕಾಯಿಯನ್ನು 100 ಗ್ರಾಂ ತಿನ್ನುವವನು ಯಾವ ಊರಿನಲ್ಲಿದ್ದಾನೆ? ಬಾಳೆ ಎಲೆಯ ತುದಿಯಲ್ಲಿ ಒಂದು ಮಿಡಿ, ಅದರಲ್ಲೂ ಅರ್ಧ ಉಳಿಯುತ್ತದೆ.

ಎಚ್ಚರಿಕೆಯ ವಿಷಯವನ್ನು ಅಡಿಕೆಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾನ್ ಮಸಾಲಾ ಪೊಟ್ಟಣದ ಮುಂಭಾಗದ ಅರ್ಧವನ್ನು ಎಚ್ಚರಿಕೆಯೇ ನುಂಗಿದೆ. ತಿನ್ನುವವನು ಆ ಅಕ್ಷರಗಳ ಮೇಲೆಯೇ ಹಲ್ಲು ಊರಿ ಹರಿಯುತ್ತಾನೆ.

ಆಹಾರತಜ್ಞೆ, ಶಿವಮೊಗ್ಗ

ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಅಷ್ಟಕ್ಕೇ ಬಿಡಲಾರೆ.

ಅಕ್ಕಾ, ನಿಮ್ಮ ಉಪ್ಪಿನಕಾಯಿಯ 10 ಗ್ರಾಂನಲ್ಲಿ 500 ಮಿಲಿಗ್ರಾಂ ಸೋಡಿಯಂ. ದಿನದ ಪಾಲಿನ ಕಾಲುಭಾಗ, ಎಲೆಯ ತುದಿಯಲ್ಲಿ. ನಮ್ಮ ಕಡೆ ರಕ್ತದೊತ್ತಡದವರು ಉಪ್ಪಿನಕಾಯಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಏಕೆಂದರೆ ಅದು ಮನೆಯದು. ನಾಲಿಗೆಗೆ ಮನೆಯದು ಅಂಗಡಿಯದು ಎಂಬ ಭೇದ ಇರಬಹುದು, ರಕ್ತನಾಳಕ್ಕೆ ಇಲ್ಲ.

ತೋಟದವರೇ, ಪಾನ್ ಮಸಾಲಾ ಚಟದ ವಸ್ತು. ಬಿಸ್ಕತ್ತಿಗೂ ಸಿಹಿ ಪಾನೀಯಕ್ಕೂ ಅದನ್ನು ಹೋಲಿಸಲಾಗದು. ಚಿಲಿ ದೇಶ 2016ರಲ್ಲಿ ಎಂಟು ಮೂಲೆಯ ಕಪ್ಪು ಗುರುತುಗಳನ್ನು ಕಡ್ಡಾಯ ಮಾಡಿತು. ಸಕ್ಕರೆ, ಸೋಡಿಯಂ, ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು, ಕ್ಯಾಲೊರಿ, ಯಾವುದು ಮಿತಿ ಮೀರಿದೆಯೋ ಅದಕ್ಕೊಂದು ಗುರುತು. ಅಂಥ ಪೊಟ್ಟಣದ ಮೇಲೆ ಮಕ್ಕಳನ್ನು ಸೆಳೆಯುವ ಕಾರ್ಟೂನ್ ಗೊಂಬೆ ಹಾಕುವಂತಿಲ್ಲ, ಶಾಲೆಯಲ್ಲಿ ಮಾರುವಂತಿಲ್ಲ. ಆ ಗುರುತು ಬಿದ್ದ ಪಾನೀಯಗಳ ಖರೀದಿ ಸುಮಾರು ಕಾಲುಭಾಗ ಇಳಿದದ್ದು ದಾಖಲಾಗಿದೆ. ಓದಲು ಬಾರದ ಮಗುವಿಗೂ ಕಪ್ಪು ಗುರುತು ಒಂದೋ ಮೂರೋ ಎಂದು ಎಣಿಸಲು ಬರುತ್ತದೆ.

ನಮ್ಮಲ್ಲಿ ಆದದ್ದು ಇಷ್ಟು. 2022ರ ಸೆಪ್ಟೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಕರಡು ಹೊರಡಿಸಿತು. ಅದರಲ್ಲಿ ಎಚ್ಚರಿಕೆ ಇರಲಿಲ್ಲ, ನಕ್ಷತ್ರಗಳಿದ್ದವು, ಅರ್ಧದಿಂದ ಐದರವರೆಗೆ. ಸಕ್ಕರೆಗೆ ಅಂಕ ಕಳೆದು ನಾರಿಗೂ ಕಾಳಿಗೂ ಅಂಕ ಕೂಡಿಸುವ ಪದ್ಧತಿ. ನನಗೆ ಅದು ಒಗ್ಗಲಿಲ್ಲ. ವಿಷಯದಲ್ಲಿ ನಪಾಸಾದವನಿಗೆ ನಡತೆ ಚೆನ್ನಾಗಿದೆ ಎಂದು ಅಂಕ ಕೊಟ್ಟ ಹಾಗಾಗುತ್ತದೆ. ಅಮ್ಮನ ಬಿಸ್ಕತ್ತಿನ ಮೇಲೂ ಒಂದೆರಡು ನಕ್ಷತ್ರ ಮಿನುಗುತ್ತಿದ್ದವು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಮುಂಭಾಗದ ಲೇಬಲ್ ಹೇಗಿರಬೇಕು ಎಂದು ಶಿಫಾರಸು ಮಾಡಲು ತಜ್ಞರ ಸಮಿತಿಗೆ ಮೂರು ತಿಂಗಳ ಗಡುವು ಕೊಟ್ಟಿತು. ಗಡುವು ಮುಂದಕ್ಕೆ ಹೋಯಿತು.

ಮಿಡಿ ಉಪ್ಪಿನಕಾಯಿಯವಳು, ಹೊಸನಗರ ತಾಲ್ಲೂಕು

ಕಾಲುಭಾಗ ಎಂದು ನೀವು ಹೇಳಿದ್ದು ನಿಜ, ಲೆಕ್ಕ ಮಾಡಿ ನೋಡಿದೆ. ಗುರುತು ಬೇಡ ಎಂದು ನಾನು ಹೇಳುತ್ತಿಲ್ಲ. ಗುರುತಿನ ಪಕ್ಕದಲ್ಲಿ "ಒಂದು ಊಟಕ್ಕೆ ಅರ್ಧ ಮಿಡಿ" ಎಂದು ಬರೆಯಲು ನಮಗೂ ಸ್ವಲ್ಪ ಜಾಗ ಬಿಡಿ ಎನ್ನುತ್ತಿದ್ದೇನೆ.

ಕಾಫಿ ಗಿಡಗಳ ನಡುವಿನಿಂದ, ಕೊಪ್ಪ

ಕಾಫಿಯವನ ಒಂದು ಮಾತು. ಮನೆಗೆ ತರುವ ಕಾಫಿಪುಡಿಯ ಪೊಟ್ಟಣದಲ್ಲಿ ಚಿಕೋರಿ ಎಷ್ಟು ಎಂದು ನೋಡಿದ್ದೀರಾ? ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಎರಡರ ಪ್ರಮಾಣವನ್ನೂ ಮುದ್ರಿಸಬೇಕು. ಅಂದರೆ ಶೇ 49 ಚಿಕೋರಿ ಕುಡಿದು ಮಲೆನಾಡಿನ ಕಾಫಿಯ ಘಮ ಹೊಗಳುವವರೂ ಇದ್ದಾರೆ. ಪೇಟೆಯಿಂದ ಬಂದ ನನ್ನ ಭಾವನೇ ಸಾಕ್ಷಿ.

ಕಿರಾಣಿ ಅಂಗಡಿಯವ, ರಿಪ್ಪನ್‌ಪೇಟೆ

ಶಾಲೆಯ ಮಾತು ಬಂದಿದ್ದರಿಂದ ತಪ್ಪೊಪ್ಪಿಕೊಳ್ಳುತ್ತೇನೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾದ ತಿಂಡಿಯನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಎಂದು 2020ರಲ್ಲೇ ನಿಯಮ ಬಂದಿದೆ ಎಂದು ಅಳಿಯ ಓದಿ ಹೇಳಿದ. ನನ್ನ ಅಂಗಡಿ ಗೇಟಿನಿಂದ ಮೂವತ್ತು ಹೆಜ್ಜೆ. ಬೆಳಿಗ್ಗೆ ಒಂಬತ್ತೂವರೆಗೆ, ಮಧ್ಯಾಹ್ನ ಒಂದಕ್ಕೆ ಮಕ್ಕಳು ಐದು ರೂಪಾಯಿ ಹಿಡಿದು ಸಾಲು ನಿಲ್ಲುತ್ತಾರೆ.

ಇನ್ನೊಂದು ನೋಡಿದೆ. ಒಂದು ರೂಪಾಯಿಯ ಮಿಠಾಯಿ, ಎರಡು ರೂಪಾಯಿಯ ಹುಳಿಪುಡಿ, ಸರದಂತೆ ತೂಗುಹಾಕುವ ಉಪ್ಪಿನಕಾಯಿ ಪಾಕೀಟು, ಇವುಗಳ ಮೇಲೆ ಕೋಷ್ಟಕವೇ ಇಲ್ಲ.

ಕೋರ್ಟು ಕಚೇರಿಯವ, ಸಾಗರ

ಅದು ಲೋಪವಲ್ಲ, ವಿನಾಯಿತಿ. ಪೊಟ್ಟಣದ ಒಟ್ಟು ಮೇಲ್ಮೈ 100 ಚದರ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಪದಾರ್ಥಗಳ ಪಟ್ಟಿ, ಪೌಷ್ಟಿಕಾಂಶದ ಕೋಷ್ಟಕ ಬೇಕಿಲ್ಲ. ಅವು ಹೊರಗಿನ ದೊಡ್ಡ ಪೊಟ್ಟಣದ ಮೇಲೆ ಇದ್ದರೆ ಸಾಕು. ಆ ದೊಡ್ಡ ಪೊಟ್ಟಣವನ್ನು ಅಂಗಡಿಯವರು ಬಿಚ್ಚಿ ಒಲೆಗೆ ಹಾಕಿರುತ್ತಾರೆ. ಹೀಗಾಗಿ ಮಗು ಕೊಳ್ಳುವ ತಿಂಡಿಗೇ ಮಾಹಿತಿ ಇಲ್ಲ.

ಈಗ ತೀರ್ಥಹಳ್ಳಿಯ ತಂಗಿಯ ಪ್ರಶ್ನೆ. ಶೇ 11 ಎಂದು ಮುದ್ರಿಸಿದ ಮೇಲೆ ಅವರು ಸುಳ್ಳು ಹೇಳಿಲ್ಲ ಎಂದು ವಾದಿಸುತ್ತಾರೆ. ಆದರೆ ಒಟ್ಟು ನೋಟದಲ್ಲಿ ದಾರಿ ತಪ್ಪಿಸಿದರೂ ಅದು ದಾರಿ ತಪ್ಪಿಸುವುದೇ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ತಪ್ಪು ಲೇಬಲ್ಲಿಗೆ 3 ಲಕ್ಷ ರೂಪಾಯಿವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡವಿದೆ. ಸರ್ಕಾರ ಮನಸ್ಸು ಮಾಡಿದರೆ ಮಾತು ನಡೆಯುತ್ತದೆ ಎನ್ನುವುದಕ್ಕೆ ಉದಾಹರಣೆಗಳೂ ಇವೆ. 2024ರ ಜೂನ್‌ನಲ್ಲಿ "ಶೇ 100 ಹಣ್ಣಿನ ರಸ" ಎಂಬ ಮಾತನ್ನು ತೆಗೆಯಿರಿ ಎಂದು ಪ್ರಾಧಿಕಾರ ಹೇಳಿತು. 2025ರ ಅಕ್ಟೋಬರಿನಲ್ಲಿ, ಸಿಹಿ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂದು ಬಳಸಬಾರದು ಎಂದಿತು. ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆಯ ಸರಿಯಾದ ದ್ರಾವಣ ಎಂದು ನಂಬಿ ತಾಯಂದಿರು ಜ್ಯೂಸು ಕುಡಿಸುತ್ತಿದ್ದರು.

ನಿಮ್ಮ ಪೊಟ್ಟಣದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ರಾಗಿಗಿಂತ ಆ ಮಡಿಕೆ. ಅಂಟಿನ ಕೆಳಗೆ ಪಟ್ಟಿ ಅರ್ಧ ಮುಚ್ಚಿಹೋಗಿದೆ ಎಂದಿರಿ. ಮಾಹಿತಿ ಸ್ಪಷ್ಟವಾಗಿ, ಎದ್ದು ಕಾಣುವಂತೆ, ಅಳಿಸದಂತೆ ಇರಬೇಕು ಎನ್ನುವುದು ಮೂಲಭೂತ ನಿಯಮ. ಫೋಟೋ ತೆಗೆದಿಡಿ, ಪೊಟ್ಟಣ ಎಸೆಯಬೇಡಿ, ಬಿಲ್ ಇದ್ದರೆ ಜೋಪಾನ. ಅಳಿಸುವ ತಾರೀಖಿನ ಬಗ್ಗೆ ರಿಪ್ಪನ್‌ಪೇಟೆಯವರೂ ಇದನ್ನೇ ಎತ್ತಬಹುದು. ಮಳೆ ಹೊಸದಲ್ಲ, ಶಾಯಿ ಮಳೆಗೆ ತಕ್ಕ ಹಾಗಿರಬೇಕು.

ದೂರಿಗೆ ದಾರಿಗಳು ಹಲವು. 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಹಾರದ ಗುಣಮಟ್ಟಕ್ಕೂ ಲೇಬಲ್ಲಿಗೂ ಜಿಲ್ಲೆಯ ಅಂಕಿತ ಅಧಿಕಾರಿ ಮತ್ತು ಆಹಾರ ಸುರಕ್ಷತಾ ಅಧಿಕಾರಿಗಳು. ತೂಕ ಕಡಿಮೆ ಬಂದರೆ, ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ಕಾನೂನು ಮಾಪನಶಾಸ್ತ್ರ ಇಲಾಖೆ. ಬಸ್ ನಿಲ್ದಾಣದಲ್ಲಿ ನೀರಿನ ಬಾಟಲಿಗೆ "ತಂಪು ಮಾಡಿದ ಚಾರ್ಜು" ಕೇಳುತ್ತಾರಲ್ಲ, ಅದು ಇಲ್ಲಿಗೆ. ಹಾನಿಗೆ ಪರಿಹಾರ ಬೇಕೆಂದರೆ ಶಿವಮೊಗ್ಗದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯಂತೆ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿಯದ್ದಾದರೂ ಸರಿ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ, ಇದನ್ನು ಹೇಳಿ ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ದಾರಿಯೂ ಇದೆ. ಆಹಾರ ಸುರಕ್ಷತಾ ಕಾಯ್ದೆಯ 40ನೆಯ ಕಲಮಿನಂತೆ, ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ, ಕೊಂಡ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪದಾರ್ಥ ಕಾಯ್ದೆಗೆ ತಕ್ಕಂತಿಲ್ಲದಿದ್ದರೆ ಶುಲ್ಕ ವಾಪಸು.

ಅಡಿಕೆ ತೋಟದವ, ಹೊಸನಗರ

ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕಂತೆ! ನಮ್ಮೂರಿನ ಅಂಗಡಿಯವನು ನನ್ನ ಮಗಳ ಮದುವೆಯಲ್ಲಿ ಮೂರು ದಿನ ಉಗ್ರಾಣ ನೋಡಿಕೊಂಡವನು. ಅವನ ಮುಖಕ್ಕೆ "ನಿನ್ನ ಬೇಳೆಯನ್ನು ಪರೀಕ್ಷೆಗೆ ಕಳಿಸುತ್ತೇನೆ" ಎಂದು ಹೇಗೆ ಹೇಳಲಿ? ಬಿಲ್ ಕೇಳಿದರೂ ಬೇಜಾರು ಮಾಡಿಕೊಳ್ಳುತ್ತಾನೆ. ಕಾಯ್ದೆ ಬರೆದವರಿಗೆ ಊರು ಗೊತ್ತಿಲ್ಲ.

ಕೋರ್ಟು ಕಚೇರಿಯವ, ಸಾಗರ

ನಿಮ್ಮ ಮಾತಿಗೆ ನನ್ನ ಬಳಿ ಕಲಮು ಇಲ್ಲ. ಒಂದೇ ಹೇಳಬಲ್ಲೆ: ಬಿಲ್ ಇದ್ದರೆ ಅಂಗಡಿಯವನಿಗೇ ಒಳ್ಳೆಯದು. ಸರಕು ಯಾರಿಂದ ಬಂತು ಎಂದು ತೋರಿಸಲಾಗದ ಮಾರಾಟಗಾರನ ಕೊರಳಿಗೆ ತಯಾರಕನ ಹೊಣೆಯೂ ಬಂದು ಬೀಳುತ್ತದೆ. ಮದುವೆಗೆ ಉಗ್ರಾಣ ನೋಡಿಕೊಂಡವನಿಗೆ ಇಷ್ಟು ಹೇಳಬಹುದಲ್ಲ.

ನಿವೃತ್ತ ಲೆಕ್ಕದ ಮೇಷ್ಟ್ರು, ಸಾಗರ

ಅಮ್ಮನ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಡಲಿಲ್ಲ. ಕನ್ನಡ ಯಾಕಿಲ್ಲ?

ಆಹಾರತಜ್ಞೆ, ಶಿವಮೊಗ್ಗ

ಕೇಂದ್ರದ ನಿಯಮದಲ್ಲಿ ಇರುವುದು ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಿದರೆ ಅಡ್ಡಿಯಿಲ್ಲ, ಅಷ್ಟೇ. ಅಡ್ಡಿಯಿಲ್ಲ ಎಂದರೆ ಯಾವ ಕಂಪನಿ ಜಾಗ ಕೊಡುತ್ತದೆ?

ಕೋರ್ಟು ಕಚೇರಿಯವ, ಸಾಗರ

ರಾಜ್ಯದ ಕಡೆಯಿಂದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022 ಇದೆ. ರಾಜ್ಯದಲ್ಲಿ ತಯಾರಾಗುವ ಸರಕುಗಳ ಹೆಸರು ಮತ್ತು ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎಂದು 2025ರ ಫೆಬ್ರುವರಿಯಲ್ಲಿ ಸರ್ಕಾರ ಆದೇಶಿಸಿತು. ಹೊರರಾಜ್ಯದಲ್ಲಿ ತಯಾರಾಗಿ ಬರುವ ಬಿಸ್ಕತ್ತಿಗೆ ಅದು ತಾಗುವುದಿಲ್ಲ. ಒಳಗೆ ತಯಾರಾದದ್ದಕ್ಕೂ ಹೆಸರು ಮಾತ್ರ ದೊಡ್ಡದಾಗಿ ಕನ್ನಡದಲ್ಲಿ ಬಂದು, ಸಕ್ಕರೆಯ ಅಂಕಿ ಇಂಗ್ಲಿಷಿನಲ್ಲೇ ಉಳಿದರೆ ಅಮ್ಮನಿಗೆ ಏನು ಸಿಕ್ಕಿತು?

ಮಿಡಿ ಉಪ್ಪಿನಕಾಯಿಯವಳು, ಹೊಸನಗರ ತಾಲ್ಲೂಕು

ನಮ್ಮ ಬಾಟಲಿಯ ಮೇಲೆ ಕನ್ನಡದಲ್ಲೂ ಇದೆ. ಇಂಗ್ಲಿಷಿನ ಪಕ್ಕದಲ್ಲೇ, ಅದೇ ಗಾತ್ರದಲ್ಲಿ. ಮುದ್ರಣಾಲಯದವರು "ಸೋಡಿಯಂ ಎಂದು ಕನ್ನಡದಲ್ಲಿ ಬರೆದರೆ ಯಾರಿಗೆ ತಿಳಿಯುತ್ತದೆ" ಎಂದರು. ಪಕ್ಕದಲ್ಲಿ "ಉಪ್ಪಿನ ಅಂಶ" ಎಂದು ಸೇರಿಸಿ ಎಂದೆವು. ಸೇರಿಸಿದರು. ಮಾರಾಟ ಸ್ವಲ್ಪ ಇಳಿಯಿತು, ನಿಜ. ಇಳಿದದ್ದು ಆ ಅಕ್ಷರದಿಂದಲೋ ಆ ವರ್ಷ ಮಿಡಿ ಕಡಿಮೆ ಬಿಟ್ಟು ಬೆಲೆ ಏರಿಸಿದ್ದರಿಂದಲೋ, ಯಾರು ಬಲ್ಲರು.

ತುಂಗೆಯ ದಡದವಳು, ತೀರ್ಥಹಳ್ಳಿ

ಎಲ್ಲರಿಗೂ ವಂದನೆ. ಹದಿನೈದು ದಿನದ ಮೇಲೆ ವರದಿ ಒಪ್ಪಿಸುತ್ತಿದ್ದೇನೆ.

ಮಡಿಕೆಯ ಕೆಳಗೆ ಮುಚ್ಚಿದ ಪಟ್ಟಿಯ ಫೋಟೋ ಸೇರಿಸಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆದೆ. ಅವರ ಉತ್ಪನ್ನದ ಮೇಲೆ ನನಗಿರುವ ಪ್ರೀತಿಗೆ ಧನ್ಯವಾದ ಹೇಳಿ, ಇನ್ನೊಂದು ಪೊಟ್ಟಣ ಕಳಿಸಲು ವಿಳಾಸ ಕೇಳಿದರು. ವಿಳಾಸ ಕೊಡಲಿಲ್ಲ. ಅದೇ ಫೋಟೋ ಮತ್ತು ಅವರ ಉತ್ತರವನ್ನು ಇಟ್ಟು 1915ರಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆದಿದ್ದೇನೆ.

ಮನೆಯಲ್ಲಿ ಆಗಿರುವುದು ಬೇರೆ. ಅಪ್ಪ ಪಂಚಾಂಗ ನೋಡಲು ಬಳಸುತ್ತಿದ್ದ ಭೂತಗನ್ನಡಿಯನ್ನು ಅಮ್ಮ ಪೆಟ್ಟಿಗೆಯಿಂದ ತೆಗೆದು ಸಂತೆ ಚೀಲಕ್ಕೆ ಹಾಕಿಕೊಂಡಿದ್ದಾರೆ. ಇಂಗ್ಲಿಷ್ ಬಾರದು, ಅಂಕಿಗಳು ಬರುತ್ತವೆ. ಒಟ್ಟು ಕಾರ್ಬೋಹೈಡ್ರೇಟ್, ಸಕ್ಕರೆ, ಸೋಡಿಯಂ, ಈ ಮೂರು ಪದಗಳ ಇಂಗ್ಲಿಷ್ ಆಕಾರವನ್ನು ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಸಿಕೊಂಡು, ಅದನ್ನು ಪೊಟ್ಟಣದ ಪಕ್ಕ ಹಿಡಿದು ತಾಳೆ ನೋಡುತ್ತಾರೆ. ಮೊನ್ನೆ ಅಂಗಡಿಯಲ್ಲಿ ಬೆಲ್ಲದ ಬಿಸ್ಕತ್ತು ತೋರಿಸಿದವರಿಗೆ "ಬೆಲ್ಲ ಮೊದಲು ಬರುತ್ತದೋ ಮೈದಾ ಮೊದಲು ಬರುತ್ತದೋ?" ಎಂದು ಕೇಳಿದರಂತೆ. ಹಿಂದೆ ನಿಂತಿದ್ದವರು ಬೇಗ ಮುಗಿಸಿ ಅಮ್ಮಾ ಎಂದರಂತೆ. ಅಮ್ಮ ಬೇಗ ಮುಗಿಸಲಿಲ್ಲವಂತೆ.

ರಾಗಿ ಬಿಸ್ಕತ್ತು ಪೂರ್ತಿ ನಿಂತಿಲ್ಲ. ಆರರಿಂದ ಎರಡಕ್ಕೆ ಇಳಿದಿದೆ.

ಹೊಸನಗರದ ಅಕ್ಕಾ, ನಿಮ್ಮ ಮಾತನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅಪ್ಪೆಮಿಡಿ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾರೆ. ರಕ್ತದೊತ್ತಡದ ಮಾತ್ರೆ ನುಂಗುತ್ತಲೇ ಕೇಳಿದರು.

ಮಿಡಿ ಉಪ್ಪಿನಕಾಯಿಯವಳು, ಹೊಸನಗರ ತಾಲ್ಲೂಕು

ಅಮ್ಮನಿಗೆ ನಮಸ್ಕಾರ ಹೇಳಿ. ಬಾಟಲಿ ಕೊಡುವುದಿಲ್ಲ. ಈ ಕಡೆ ಬಂದಾಗ ಮನೆಗೆ ಬರಲಿ, ಊಟಕ್ಕೆ ಕೂರಿಸಿ ಅರ್ಧ ಮಿಡಿ ನಾನೇ ಬಡಿಸುತ್ತೇನೆ.